ಒಂದೆಲಗಕ್ಕೊಂದು ಬೇರೆ ಮಡಿ

ಅಡುಗೆಯ ಬಗ್ಗೆ ಬರೆದಾಗಲೆಲ್ಲ ನನಗೆ ಹೆಚ್ಚು ಫೋನು ಬರುವುದು ಒಂದೆಲಗದ ತಂಬುಳಿಗೆ. ಜೀರಿಗೆ ಎಷ್ಟು, ಮಜ್ಜಿಗೆ ಎಷ್ಟು, ಹಸಿಮೆಣಸೋ ಕಾಳುಮೆಣಸೋ ಎಂದು ಕೇಳುತ್ತಾರೆ. ಸೊಪ್ಪು ಬೆಳೆದ ಜಾಗ ಹೇಗಿರಬೇಕು ಎಂದು ಕೇಳುವವರು ಕಡಿಮೆ. ಒಂದೆಲಗವನ್ನು ನಾವು ಬೇಯಿಸುವುದಿಲ್ಲ, ಹುರಿಯುವುದಿಲ್ಲ. ಹಸಿಯಾಗಿಯೇ ರುಬ್ಬಿ ಮಜ್ಜಿಗೆಗೆ ಬೆರೆಸುತ್ತೇವೆ. ನೆಲಕ್ಕೆ ಅಂಟಿಕೊಂಡು ಹಬ್ಬುವ ಗಿಡವಾದ್ದರಿಂದ ಮಣ್ಣಿನಲ್ಲಿ, ನೀರಿನಲ್ಲಿ ಏನಿದೆಯೋ ಅದು ನೇರವಾಗಿ ಊಟದ ಬಾಳೆಗೆ ಬರುತ್ತದೆ. ಹಾಗಾಗಿ ಒಗ್ಗರಣೆಯ ಮಾತು ಆಮೇಲೆ, ಮೊದಲು ಮಡಿಯ ಮಾತು.

ನಮ್ಮಲ್ಲಿ ಒಂದೆಲಗ ಅಡಿಕೆ ತೋಟದ ಬಸಿಗಾಲುವೆಯ ಅಂಚಿನಲ್ಲಿ ತಾನಾಗಿ ಹಬ್ಬಿಕೊಂಡಿತ್ತು. ನೆಡದೆ ಸಿಕ್ಕಿದ ಸೊಪ್ಪು ಎಂದು ಖುಷಿಯಿಂದ ಕೊಯ್ದು ತರುತ್ತಿದ್ದೆ. ಒಂದು ವರ್ಷ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ ನಾಲ್ಕನೇ ದಿನ ತಂದ ಸೊಪ್ಪನ್ನು ಅಮ್ಮ ಕಿಟಕಿಯ ಬೆಳಕಿಗೆ ಹಿಡಿದಳು. ಎಲೆಯ ಮೇಲೆಲ್ಲ ತಿಳಿನೀಲಿ ಚುಕ್ಕೆ. ಎರಡು ನೀರಿನಲ್ಲಿ ತೊಳೆದರೂ ಅಂಚಿನ ಹಲ್ಲುಗಳ ಸಂದಿಯಲ್ಲಿ ಬಣ್ಣ ಉಳಿದಿತ್ತು. ಆ ದಿನ ತಂಬುಳಿ ಆಗಲಿಲ್ಲ.

100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಹಾಕಿ ಮಾಡುವ ಈ ದ್ರಾವಣಕ್ಕೆ ಸಾವಯವ ಕೃಷಿಯಲ್ಲೂ ಕಟ್ಟುಪಾಡಿನೊಳಗೆ ಒಪ್ಪಿಗೆ ಇದೆ. ಅಡಿಕೆ ಉಳಿಸಿಕೊಳ್ಳಲು ಅದು ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಗೊನೆಗೆ ಹೊಡೆದದ್ದು ಕೆಳಗೆ ಸುರಿಯುತ್ತದೆ. ತಾಮ್ರ ಕೊಳೆತು ಕರಗಿ ಹೋಗುವಂಥದ್ದಲ್ಲ, ವರ್ಷದಿಂದ ವರ್ಷಕ್ಕೆ ಮೇಲ್ಮಣ್ಣಿನಲ್ಲೇ ಕೂಡುತ್ತ ಹೋಗುತ್ತದೆ. ಒಂದೆಲಗವಂತೂ ಮಣ್ಣಿನಲ್ಲಿರುವ ಲೋಹಗಳನ್ನು ಹೀರಿ ತನ್ನಲ್ಲಿ ಇಟ್ಟುಕೊಳ್ಳುವ ಜಾತಿಯ ಗಿಡ. ಬೋರ್ಡೋ ಬೀಳುವ ಮರಗಳ ಬುಡದ ಸೊಪ್ಪನ್ನು ಹಸಿ ಅಡುಗೆಗೆ ತರಲೇಬೇಡಿ.

ಬಚ್ಚಲಿನ ನೀರು ಹರಿದುಹೋಗುವ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು ಎಂದು ಹಿರಿಯರು ಹೇಳುತ್ತಿದ್ದರು. ಸೀಗೆಪುಡಿ, ಕಡಲೆಹಿಟ್ಟಿನಲ್ಲಿ ಮೀಯುತ್ತಿದ್ದ ಕಾಲಕ್ಕೆ ಆ ಮಾತು ಸರಿ. ಈಗ ಅಲ್ಲಿ ಹರಿಯುವುದು ಶಾಂಪೂ, ಬಟ್ಟೆ ಸೋಪಿನ ಪುಡಿಯ ನೀರು. ಆ ಜಾಗಕ್ಕೆ ಬಾಳೆಯೋ ಕೆಸುವೋ ಸಾಕು. ದನ ಇಳಿಯುವ ಹೊಂಡ, ಗದ್ದೆ ಬದುವಿನ ನಿಂತ ನೀರು ಕೂಡ ಬೇಡ. ಅಲ್ಲಿನ ಹಸಿ ಸೊಪ್ಪಿನ ಜೊತೆ ಜಂತುಹುಳದ ಮೊಟ್ಟೆ ಹೊಟ್ಟೆಗೆ ಹೋಗುವ ಸಂಭವ ಇದೆ.

ನೆಡುವ ಮೊದಲು ಗಿಡದ ಗುರುತು ಹಿಡಿಯಿರಿ. ತುಳುವಿನಲ್ಲಿ ತಿಮರೆ, ಹವ್ಯಕರ ಮನೆಗಳಲ್ಲಿ ಉರಗೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ ಎನ್ನುವುದು ಇದನ್ನೇ. ದುಂಡನೆಯ ಎಲೆ, ಅಂಚಿಗೆ ಸಣ್ಣ ಹಲ್ಲು, ತೊಟ್ಟು ಸೇರುವಲ್ಲಿ ಆಳವಾದ ಸೀಳು. ಉಜ್ಜಿದರೆ ಕೊತ್ತಂಬರಿ ಕುಲದ ಘಮ, ಏಕೆಂದರೆ ಇದು ಆ ಕುಟುಂಬದ್ದೇ. ಕೆಲವು ನರ್ಸರಿಗಳಲ್ಲಿ ಇದೇ ಹೆಸರಿನಲ್ಲಿ ಕೊಡುವ ಅಲಂಕಾರದ ಗಿಡದ ತೊಟ್ಟು ತಾವರೆ ಎಲೆಯಂತೆ ನಡುಮಧ್ಯಕ್ಕೆ ಸೇರಿರುತ್ತದೆ. ಅದು ಒಂದೆಲಗವಲ್ಲ. ನೀರುಬ್ರಾಹ್ಮಿಯ ಎಲೆಯೋ ಪುಟ್ಟದು, ದಪ್ಪ, ಎದುರುಬದುರು ಜೋಡಿಯಾಗಿ ಬರುತ್ತದೆ, ಕಹಿ. ಅದನ್ನೂ ಒಂದೆಲಗವನ್ನೂ ಬ್ರಾಹ್ಮಿ ಎಂದೇ ಕರೆಯುವುದರಿಂದ ಈ ಗೊಂದಲ.

ಬೀಜದ ಗೋಜಿಗೆ ಹೋಗಬೇಡಿ. ಎರಡು ಮೂರು ಗೆಣ್ಣು, ಅದಕ್ಕೆ ಬಿಟ್ಟ ಬೇರು ಇರುವ ಬಳ್ಳಿಯ ತುಂಡು ಸಾಕು. ಮೂರು ಅಡಿ ಅಗಲ, ಹತ್ತು ಅಡಿ ಉದ್ದದ ಮಡಿ ಒಂದು ಮನೆಗೆ ಧಾರಾಳ. ಬಾವಿಯ ನೀರು ಮುಟ್ಟುವ, ಮಧ್ಯಾಹ್ನದ ಬಿಸಿಲು ನೇರ ಬೀಳದ ಜಾಗ ನೋಡಿ. ಮಳೆನೀರು ನಿಂತರೆ ಬುಡ ಕೊಳೆಯುತ್ತದೆ, ಅದಕ್ಕೇ ಮಡಿಯನ್ನು ಅರ್ಧ ಅಡಿ ಎತ್ತರಿಸಬೇಕು. ಹಸ್ತ, ಚಿತ್ತೆ ಮಳೆಯ ಹೊತ್ತಿಗೆ ನೆಟ್ಟರೆ ನೆಲದಲ್ಲಿ ತೇವವೂ ಇರುತ್ತದೆ, ಮಳೆಯ ಹೊಡೆತವೂ ಇಳಿದಿರುತ್ತದೆ. ಒಂದು ಗೇಣಿಗೊಂದು ತುಂಡು ನೆಟ್ಟು, ಮೊದಲ ಹದಿನೈದು ದಿನ ಅಡಿಕೆ ಸೋಗೆಯ ನೆರಳು ಕೊಡಿ.

ಗೊಬ್ಬರದ ವಿಷಯದಲ್ಲಿ ಸಾವಯವ ಕೃಷಿಕರೇ ಎಡವುತ್ತೇವೆ. ಸಗಣಿ ನೀರು, ಜೀವಾಮೃತವನ್ನು ಒಳ್ಳೆಯದೆಂದು ಸೊಪ್ಪಿನ ಮೇಲೇ ಸುರಿಯುತ್ತೇವೆ. ಬೇಯಿಸಿ ತಿನ್ನುವ ಹರಿವೆಗೆ ನಡೆದೀತು, ಇದಕ್ಕೆ ನಡೆಯದು. ಅಮೆರಿಕದ ಸಾವಯವ ನಿಯಮದ ಪ್ರಕಾರ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿದ 120 ದಿನಗಳ ಒಳಗೆ ಕೊಯ್ಯುವಂತಿಲ್ಲ. ಎರಡು ಮೂರು ತಿಂಗಳಿಗೇ ಮೊದಲ ಕೊಯ್ಲಿಗೆ ಬರುವ ಒಂದೆಲಗಕ್ಕೆ ಇದರ ಅರ್ಥ ಸ್ಪಷ್ಟ. ನೆಡುವಾಗಲೇ ಚೆನ್ನಾಗಿ ಮಾಗಿದ, ಮೂಸಿದರೆ ಕಾಡುಮಣ್ಣಿನ ವಾಸನೆ ಬರುವ ಕಾಂಪೋಸ್ಟನ್ನು ಮಡಿಗೆ ಎರಡು ಬುಟ್ಟಿ ಬೆರೆಸಿ. ಆಮೇಲೆ ಬೇಕೆನಿಸಿದರೆ ಪ್ರತಿ ಕೊಯ್ಲಿನ ನಂತರ ಅದನ್ನೇ ತೆಳ್ಳಗೆ ಉದುರಿಸಿ.

ದೊಡ್ಡ ಶತ್ರು ಬಸವನಹುಳು. ಆಫ್ರಿಕಾ ಮೂಲದ ದೊಡ್ಡ ಹುಳು ಬಂದ ಊರಲ್ಲಿ ಒಂದೇ ರಾತ್ರಿಗೆ ಮಡಿ ಬೋಳಾಗುತ್ತದೆ. ಎಲೆ ಹೋದರೆ ಮತ್ತೆ ಚಿಗುರೀತು. ಅದಕ್ಕಿಂತ ಚಿಂತೆಯ ಸಂಗತಿಯೆಂದರೆ ಈ ಹುಳುಗಳು ಮನುಷ್ಯರ ಮೆದುಳಿನ ಪೊರೆಗೆ ಉರಿಯೂತ ತರಬಲ್ಲ ಒಂದು ಪರಾವಲಂಬಿಯನ್ನು ಹೊತ್ತಿರಬಹುದು. ಸಂಜೆ ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಹರವಿಡಿ, ಬೆಳಿಗ್ಗೆ ಅಡಿಯಲ್ಲಿ ಸೇರಿದವನ್ನು ಕೈಗವಸು ಹಾಕಿ ಆಯ್ದು ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಸೊಪ್ಪಿನ ಮೇಲೆ ಲೋಳೆಯ ಹೊಳಪು ಕಂಡರೆ ಆ ಎಲೆ ಬೇಡ. ಉಳಿದದ್ದನ್ನು ಒಂದೊಂದೇ ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ಹಿಂದೆ ಮುಂದೆ ಉಜ್ಜಿ ತೊಳೆಯಬೇಕು.

ತಂಬುಳಿಗೆ ಒಂದು ಹಿಡಿ ಸೊಪ್ಪು ತೊಟ್ಟಿನ ಸಮೇತ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು, ಮೂರು ಚಮಚ ತೆಂಗಿನತುರಿ. ನುಣ್ಣಗೆ ರುಬ್ಬಿ, ಹುಳಿಯಾಗದ ಎರಡು ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ. ಊಟದ ಮೊದಲ ಅನ್ನಕ್ಕೆ ಇದನ್ನು ಬಡಿಸುವುದು.

ಮದ್ದಿನ ಗಿಡ ಬಲ್ಲವಳಾಗಿ ಒಂದು ಮಾತು ಹೇಳಲೇಬೇಕು. ನೆನಪಿನ ಶಕ್ತಿಗೆಂದು ಮಕ್ಕಳಿಗೆ ದಿನವೂ ಒಂದೆಲಗದ ರಸ ಕುಡಿಸುವವರಿದ್ದಾರೆ, ಮಾತ್ರೆ ನುಂಗುವ ದೊಡ್ಡವರೂ ಇದ್ದಾರೆ. ಇದರ ಮಾತ್ರೆಗಳನ್ನು ಕೆಲವು ವಾರ ಸೇವಿಸಿದ ಮೂವರು ಮಹಿಳೆಯರಿಗೆ ಯಕೃತ್ತಿನ ಉರಿಯೂತವಾಗಿ, ಮಾತ್ರೆ ಬಿಟ್ಟ ಮೇಲೆ ಗುಣವಾದದ್ದು 2005ರ ಒಂದು ವೈದ್ಯಕೀಯ ವರದಿಯಲ್ಲಿದೆ. ವಾರಕ್ಕೆರಡು ಸಲ ತಂಬುಳಿ ಊಟದ ಸೊಪ್ಪೇ ಸರಿ. ದಿನವೂ ರಸ, ಮಾತ್ರೆ ಎಂದರೆ ಅದು ಔಷಧ, ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಬಸುರಿಯರು, ಯಕೃತ್ತಿನ ತೊಂದರೆ ಇರುವವರು ಅದರ ಹತ್ತಿರ ಹೋಗದಿರುವುದೇ ಒಳ್ಳೆಯದು.

ಕೊಯ್ಯುವಾಗ ಬಳ್ಳಿ ಎಳೆಯಬೇಡಿ, ತೊಟ್ಟನ್ನು ಬುಡದಲ್ಲಿ ಉಗುರಿನಿಂದ ಚಿವುಟಿ. ಎರಡು ವರ್ಷಕ್ಕೆ ಬಳ್ಳಿ ಹೆಣೆದುಕೊಂಡು ದಟ್ಟವಾಗಿ ಎಲೆ ಸಣ್ಣದಾಗುತ್ತದೆ. ಆಗ ಕಿತ್ತು ಪಕ್ಕದಲ್ಲೇ ಹೊಸ ಮಡಿ ಮಾಡಿ. ಅದು ಬೇರು ಹಿಡಿದು ಹಬ್ಬುವ ತನಕ ಹಳೆಯದರ ಒಂದು ಮೂಲೆಯನ್ನು ಕೀಳದೆ ಬಿಟ್ಟಿರಿ.