ಗಣಕಯಂತ್ರ ಅಪರಾಧ: ಕಾನೂನು ಏನು ಹೇಳುತ್ತದೆ?

ಬೀಗ ಮುರಿಯದೆ, ಮನೆಯೊಳಗೆ ಕಾಲಿಡದೆ ಒಬ್ಬರ ಜೀವಮಾನದ ಉಳಿತಾಯವನ್ನು ಅಪಹರಿಸುವುದು ಇಂದು ಸಾಧ್ಯವಾಗಿದೆ. ಇಂತಹ ಕೃತ್ಯಗಳನ್ನು ತಡೆಯಲು ಮಾಹಿತಿ ತಂತ್ರಜ್ಞಾನ ಅಧಿನಿಯಮವು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಿತು. 2008ರಲ್ಲಿ ಅದಕ್ಕೆ ವ್ಯಾಪಕ ತಿದ್ದುಪಡಿಯಾಯಿತು.

ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸುವುದು, ಅದರಲ್ಲಿನ ಮಾಹಿತಿಯನ್ನು ನಕಲು ಮಾಡುವುದು ಅಥವಾ ಅಳಿಸುವುದು, ವೈರಸ್ ಸೇರಿಸುವುದು ಮುಂತಾದವುಗಳಿಗೆ 43ನೆಯ ಪ್ರಕರಣದಂತೆ ನಷ್ಟ ಹೊಂದಿದವರಿಗೆ ಪರಿಹಾರ ಕೊಡಬೇಕಾಗುತ್ತದೆ. ಇದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಎಸಗಿದರೆ 66ನೆಯ ಪ್ರಕರಣದಂತೆ ಅದು ಅಪರಾಧ. ಮೂರು ವರ್ಷಗಳವರೆಗೆ ಕಾರಾವಾಸ, ಐದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು. ಕೃತ್ಯವೊಂದೇ ಆದರೂ ಉದ್ದೇಶದಿಂದ ಅದರ ಸ್ವರೂಪ ಬದಲಾಗುತ್ತದೆ.

ಮತ್ತೊಬ್ಬರ ಗುಪ್ತಪದವನ್ನು ಮೋಸದಿಂದ ಬಳಸುವುದು 66ಸಿ ಪ್ರಕರಣದಡಿಯಲ್ಲಿಯೂ, ಬ್ಯಾಂಕ್ ಅಧಿಕಾರಿಯೆಂದು ನಟಿಸಿ ಗಣಕಯಂತ್ರ ಅಥವಾ ಮೊಬೈಲ್ ಮೂಲಕ ವಂಚಿಸುವುದು 66ಡಿ ಪ್ರಕರಣದಡಿಯಲ್ಲಿಯೂ ದಂಡನೀಯ. ಎರಡಕ್ಕೂ ಮೂರು ವರ್ಷಗಳವರೆಗೆ ಕಾರಾವಾಸವುಂಟು. ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯೂ ಉಂಟು.

ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರಬಾರದು. ದೇಶದ ಯಾವ ಭಾಗದಲ್ಲಿದ್ದರೂ 1930 ಸಂಖ್ಯೆಗೆ ಕೂಡಲೇ ಕರೆ ಮಾಡಿ ತಿಳಿಸಿದರೆ, ಹಣವು ವಂಚಕನ ಕೈಸೇರುವ ಮುನ್ನ ಅದನ್ನು ಬ್ಯಾಂಕಿನಲ್ಲಿಯೇ ತಡೆಹಿಡಿಯಲು ಅವಕಾಶವಿರುತ್ತದೆ. ಬಂದ ಸಂದೇಶಗಳನ್ನೂ ಹಣ ಪಾವತಿಯ ವಿವರಗಳನ್ನೂ ಅಳಿಸದೆ ಕಾಯ್ದಿರಿಸಬೇಕು. ಮುಂದೆ ನ್ಯಾಯಾಲಯದಲ್ಲಿ ಅವೇ ಸಾಕ್ಷ್ಯವಾಗುತ್ತವೆ.