ಪಕ್ಷಿಗಳಿಂದ ಕಲಿಯತಕ್ಕ ಪಾಠ

ನಾಳಿನ ಚಿಂತೆಯಿಂದ ಈ ಹೊತ್ತನ್ನು ಕಳಕೊಳ್ಳುವದು ನಮ್ಮೆಲ್ಲರಿಗೂ ರೂಢಿಯಾಗಿದೆ. ಕಳೆ ಕೀಳುವಾಗ ಮನಸ್ಸು ಸಾಲದ ಲೆಕ್ಕದಲ್ಲಿರುತ್ತದೆ. ಉಣ್ಣುವಾಗ ಮಗಳ ಮದುವೆಯ ವೆಚ್ಚದಲ್ಲಿರುತ್ತದೆ. ಇಂಥ ಚಿಂತೆಯುಳ್ಳವರಿಗೆ ಕರ್ತನು ಪಕ್ಷಿಗಳನ್ನು ತೋರಿಸಿದನೆಂದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಿಂದ ಬಲ್ಲೆವು. ಆದರೆ ಆ ಅಧ್ಯಾಯವನ್ನು ಓದುವಷ್ಟು ನಾವು ಪಕ್ಷಿಗಳನ್ನು ನೋಡುವದಿಲ್ಲ. ಆದಕಾರಣ, ಪ್ರಿಯ ವಾಚಕರೇ, ಈ ಪಾಠವನ್ನು ಕೆರೆಯ ದಂಡೆಯಲ್ಲಿ ಕಲಿಯೋಣ.

1. ಬಕನ ಎಚ್ಚರಿಕೆ. ಬಕಧ್ಯಾನವೆಂಬ ಮಾತನ್ನು ಜನರು ಕಪಟಿಯನ್ನು ಕುರಿತು ಹೇಳುತ್ತಾರೆ. ಹಕ್ಕಿಯಲ್ಲಿಯಾದರೋ ಕಪಟವಿಲ್ಲ, ಅದು ಹಸಿದ ಪ್ರಾಣಿಯ ಶ್ರದ್ಧೆಯೇ. ಕುತ್ತಿಗೆಯನ್ನು ಒಳಗೆಳಕೊಂಡು, ಅಲುಗದೆ, ನೀರಿನಲ್ಲಿಯೇ ಕಣ್ಣು ನೆಟ್ಟು ನಿಲ್ಲುತ್ತದೆ; ಮೀನಾಗಲಿ ಕಪ್ಪೆಯಾಗಲಿ ಸಮೀಪಿಸಿದ ಕ್ಷಣವೇ ಕೊಕ್ಕು ಚಾಚುತ್ತದೆ. ನೋಡುವವನ ಮನಸ್ಸು ಒಂದು ಗಳಿಗೆ ಅತ್ತಿತ್ತ ಹೋದರೂ ಆ ಬೇಟೆ ಅವನ ಕಣ್ಣಿಗೆ ತಪ್ಪುವದು. ಹೀಗೆ ನೋಡುವ ಅಭ್ಯಾಸವೇ ಮನಸ್ಸನ್ನು ಈ ಹೊತ್ತಿಗೆ ಕಟ್ಟುತ್ತದೆ.

2. ಕೊಕ್ಕರೆಯ ಕೆಲಸ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಹುಣಿಸೆ ಮುಂತಾದ ಮರಗಳಲ್ಲಿ ಗೂಡು ಕಟ್ಟುತ್ತವೆ. ಆ ಸ್ಥಳವು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲ್ಪಟ್ಟಿತು. ಬಣ್ಣದ ಕೊಕ್ಕರೆಯು ಬಕನಂತೆ ಕಣ್ಣಿಂದ ಬೇಟೆಯಾಡದೆ, ಕೊಕ್ಕನ್ನು ತುಸು ತೆರೆದು ನೀರಿನಲ್ಲಿ ಅದ್ದಿ ಎಡಕ್ಕೂ ಬಲಕ್ಕೂ ಆಡಿಸುತ್ತಾ ನಡೆಯುತ್ತದೆ. ಮೀನು ತಗಲಿದೊಡನೆ ಮುಚ್ಚುತ್ತದೆ. ಏನೂ ಕಾಣದ ಕದಡಿದ ನೀರಿನಲ್ಲಿಯೂ ಅದು ಕೈಗೆಟಕುವ ಕೆಲಸವನ್ನು ಬಿಡುವದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಗೂಡಿನ ಮೇಲೆ ರೆಕ್ಕೆ ಹರಡಿ ಮರಿಗಳಿಗೆ ನೆರಳು ಕೊಡುತ್ತದೆ. ಆ ಹೊತ್ತಿಗೆ ಬೇಕಾದದ್ದು ಅದೇ.

3. ಭಯದ ಮಿತಿ. ಹದ್ದಿನ ನೆರಳು ಬಿದ್ದರೆ ಕೆರೆಯ ಹಕ್ಕಿಗಳೆಲ್ಲಾ ಹಾರಿ ಎದ್ದಾವು. ಅದು ದಾಟಿದ ಮೇಲೆ ಪುನಃ ಇಳಿದು ಮೇಯುತ್ತವೆ. ಮನುಷ್ಯನಾದರೋ ದಾಟಿದ ಹದ್ದನ್ನು ನೆನಸಿಯೂ ಬಾರದ ಹದ್ದನ್ನು ಕಲ್ಪಿಸಿಯೂ ನಿದ್ರೆಗೆಡುತ್ತಾನೆ.

ಇಲ್ಲಿ ಒಬ್ಬನು, ಹಾಗಾದರೆ ಬೀಜವನ್ನು ಕೂಡಿಡಬಾರದೋ ಎಂದು ಕೇಳಬಹುದು. ಹಾಗಲ್ಲ. ಕೊಕ್ಕರೆಯೂ ಮೊಟ್ಟೆಗೆ ಮುಂಚೆಯೇ ಗೂಡು ಕಟ್ಟುತ್ತದಷ್ಟೆ. ನಾಳೆಗಾಗಿ ಈ ದಿನ ಮಾಡತಕ್ಕ ಕೆಲಸ ಒಂದು, ನಾಳೆಯನ್ನು ಕುರಿತ ಕಳವಳ ಬೇರೊಂದು. ಸಾಲವುಳ್ಳವನು ಸಂಘಕ್ಕೆ ಹೋಗಿ ಲೆಕ್ಕ ಕೇಳಿ, ಕೊಡಲಾಗುವಷ್ಟನ್ನು ಕೊಟ್ಟರೆ ಅದು ಗೂಡು ಕಟ್ಟಿದಂತೆ. ರಾತ್ರಿಯೆಲ್ಲಾ ಹೊರಳಾಡಿದರೆ ಬಡ್ಡಿಯಲ್ಲಿ ಒಂದು ಕಾಸೂ ಕಡಿಮೆಯಾಗದು. ಮರುದಿನದ ದುಡಿಮೆಯ ಬಲ ಮಾತ್ರ ಕುಂದುವದು. ಬಳಿಯಲ್ಲಿ ಕೂತ ಮಗುವಿನ ಮಾತೂ ಕಿವಿಗೆ ಬೀಳದೆ ಹೋಗುವದು. ಆ ಮಗುವಿನ ಈ ವಯಸ್ಸು ತಿರಿಗಿ ಬರುವದೋ?

ಆದಕಾರಣ ಈ ವಾರ ಪ್ರತಿಯೊಬ್ಬರೂ ದಿನಕ್ಕೆ ಹತ್ತು ನಿಮಿಷ ಒಂದು ಹಕ್ಕಿಯನ್ನು ಮೌನವಾಗಿ ನೋಡಿರಿ. ಕಲ್ಲೆಸೆಯಬೇಡಿರಿ, ಗೂಡಿನ ಹತ್ತಿರ ಹೋಗಬೇಡಿರಿ. ಮನಸ್ಸು ಅಲೆದರೆ ಬೇಸರಪಡದೆ ಹಕ್ಕಿಯ ಕಡೆಗೆ ತಿರುಗಿಸಿರಿ.

ಆಲೋಚಿಸತಕ್ಕ ಪ್ರಶ್ನೆಗಳು:
1. ಬಕನಿಗೂ ಬಣ್ಣದ ಕೊಕ್ಕರೆಗೂ ಬೇಟೆಯಲ್ಲಿ ಭೇದವೇನು?
2. ಮುಂದಾಲೋಚನೆಗೂ ಕಳವಳಕ್ಕೂ ಭೇದವೇನು?
3. ನಮ್ಮ ಚಿಂತೆಗಳಲ್ಲಿ ಈ ದಿನವೇ ಕೆಲಸವಾಗಿ ಮಾಡಬಹುದಾದದ್ದು ಯಾವದು?