ಬೆದರು ಎತ್ತಿನ ಕಾರಹುಣ್ಣಿಮೆ

ನಮ್ಮ ಸೈದಾಪುರದ ಕಡೆ ಊರಿಗೆ ಊರೇ ತನ್ನ ಪ್ರಾಣಿಗಳನ್ನು ಸಿಂಗರಿಸಿ ಬೀದಿಗಿಳಿಸುವ ಹಬ್ಬ ಅಂದರೆ ಕಾರಹುಣ್ಣಿಮೆ. ಜ್ಯೇಷ್ಠ ಮಾಸದ ಆ ದಿನ ಎತ್ತಿನದೇ ದರ್ಬಾರು. ರಾಜ್ಯದ ಗಡಿ ದಾಟಿ ನಾರಾಯಣಪೇಟೆಯ ಕಡೆ ಹೋದರೆ ಇದೇ ಹುಣ್ಣಿಮೆಗೆ ಏರುವಾಕ ಅನ್ನುತ್ತಾರೆ, ಸಡಗರ ಮಾತ್ರ ಅದೇ. ಹಬ್ಬ ಎತ್ತಿನದು ಎಂದು ನಾವೆಲ್ಲ ಹೇಳುತ್ತೇವೆ. ನನ್ನನ್ನು ಕೇಳಿದರೆ, ಅಂದು ಎತ್ತಿಗೆ ಹಿಡಿಸುವಂಥದ್ದು ಹುಗ್ಗಿಯೊಂದೇ. ಉಳಿದ ಹಲಗಿ, ಪಟಾಕಿ, ಬಣ್ಣ, ಬಲೂನು, ಕೇಕೆ ಎಲ್ಲವೂ ಮನುಷ್ಯರ ಖುಷಿಗೆ.

ಗಟ್ಟಿ ಮನಸ್ಸಿನ ಎತ್ತು ಅದನ್ನೆಲ್ಲ ತಡೆದುಕೊಳ್ಳುತ್ತದೆ. ನಮ್ಮ ಬಿಳಿಯ ಅಂಥದ್ದಲ್ಲ.

ಹಳೆಯ ಜೋಡಿಯಲ್ಲೊಂದು ಹೋದಮೇಲೆ ಸಂತಿಯಲ್ಲಿ ಕೊಂಡ ಎತ್ತು ಅದು. ಖಿಲಾರಿ ಮೈಕಟ್ಟು, ಹಿಂದಕ್ಕೆ ಬಾಗಿದ ಉದ್ದ ಕೋಡು, ತೆಳ್ಳನೆ ಚರ್ಮ. ಖಿಲಾರಿ ನಡಿಗೆಯಲ್ಲಿ ಚುರುಕು, ಓಟಕ್ಕೆ ಹೆಸರುವಾಸಿ. ಆ ಚುರುಕಿನ ಜೊತೆಗೇ ಬೆದರುವ ಗುಣವೂ ಬರುತ್ತದೆ. ದೇವಣಿಯಂಥ ಸಾಧು ತಳಿ ಕಟ್ಟಿದವರಿಗೆ ಈ ಕಷ್ಟ ಅಷ್ಟಾಗಿ ಗೊತ್ತಿರುವುದಿಲ್ಲ. ಮೇಲಾಗಿ ಬಿಳಿಯ ಬೆಳೆದದ್ದು ಊರಿಂದ ದೂರದ ಹೊಲದ ಶೆಡ್ಡಿನಲ್ಲಿ. ಹಿಂದೆ ಎತ್ತು ಓಣಿಯಲ್ಲೇ ಹುಟ್ಟಿ ಓಣಿಯಲ್ಲೇ ಬೆಳೆಯುತ್ತಿತ್ತು. ದಿನಾ ಮಂದಿ, ಮಕ್ಕಳು, ನಾಯಿ, ಬಂಡಿ ಎಲ್ಲ ನೋಡುತ್ತಿತ್ತು. ಈಗ ಟ್ರ್ಯಾಕ್ಟರ್ ಬಂದು ಎತ್ತು ಊರೊಳಗೆ ಬರುವ ಕೆಲಸವೇ ಕಡಿಮೆ. 2019ರ 20ನೇ ಜಾನುವಾರು ಗಣತಿಯಲ್ಲಿ ದೇಶದ ದೇಶಿ ದನಗಳು 2012ಕ್ಕಿಂತ ಶೇಕಡ 6ರಷ್ಟು ಇಳಿದಿದ್ದವು. ಉಳಿದವುಗಳಲ್ಲೂ ಎಷ್ಟೋ ಎತ್ತು ವರ್ಷಕ್ಕೊಮ್ಮೆ, ಅದೂ ಕಾರಹುಣ್ಣಿಮೆ ದಿನವೇ, ಜನಜಂಗುಳಿ ಕಾಣುತ್ತವೆ. ಅವು ಬೆದರಿದರೆ ಆಶ್ಚರ್ಯವೇನು?

ಬಸವ ಜಯಂತಿಯಿಂದ ಕಾರಹುಣ್ಣಿಮೆಗೆ ಸುಮಾರು ಒಂದೂವರೆ ತಿಂಗಳು. ಬಿಸಿಲು ನೆತ್ತಿ ಸುಡುವ, ಹೊಲದಲ್ಲಿ ಹೆಚ್ಚು ಕೆಲಸವಿಲ್ಲದ ಕಾಲ. ಬೆದರು ಎತ್ತನ್ನು ಹಬ್ಬಕ್ಕೆ ಸಜ್ಜು ಮಾಡುವುದು ಆಗಲೇ. ಹಬ್ಬದ ಬೆಳಿಗ್ಗೆ ಮೈದಡವಿ ಧೈರ್ಯ ತುಂಬುತ್ತೇನೆ ಅಂದರೆ ಆಗುವ ಮಾತಲ್ಲ.

ಬಿಳಿಯನಿಂದ ನಾನು ಮೊದಲು ಕಲಿತದ್ದು, ಎತ್ತು ಹೆದರುವುದು ಸದ್ದಿಗಲ್ಲ, ಗೊತ್ತಿಲ್ಲದ ಸದ್ದಿಗೆ. ಮುಂಬೈ–ಚೆನ್ನೈ ರೈಲು ಹಾದಿ ನಮ್ಮ ಸೈದಾಪುರದ ಮೇಲೆಯೇ ಹೋಗುತ್ತದೆ. ಹಳಿಯ ಆಚೆಗಿನ ಹೊಲದಲ್ಲಿ ಮೇಯಿಸುವಾಗ ಮೊದಮೊದಲು ಗೂಡ್ಸ್ ರೈಲು ಕೂಗಿದರೆ ಬಿಳಿಯ ಹಗ್ಗ ಜಗ್ಗುತ್ತಿತ್ತು. ಕೆಲವೇ ವಾರದಲ್ಲಿ ತಲೆ ಎತ್ತುವುದನ್ನೂ ಬಿಟ್ಟಿತು. ರೈಲು ಬರುವ ದಿಕ್ಕು ಒಂದೇ, ಹೋಗುವ ದಿಕ್ಕು ಒಂದೇ, ಅದು ಹಳಿ ಬಿಟ್ಟು ಮೈಮೇಲೆ ಬರುವುದಿಲ್ಲ. ಅದೇ ಎತ್ತು ಬೇಲಿಗೆ ಸಿಕ್ಕಿದ ಪ್ಲಾಸ್ಟಿಕ್ ಚೀಲ ಪಟಪಟ ಅಂದರೆ ನಿಂತಲ್ಲೇ ಮೈ ನಡುಗಿಸುತ್ತಿತ್ತು. ದನದ ಕಣ್ಣು ಮುಖದ ಎರಡೂ ಬದಿಗೆ ಇರುವುದರಿಂದ ಅದಕ್ಕೆ ಸುತ್ತ ಸುಮಾರು 330 ಡಿಗ್ರಿ ಕಾಣುತ್ತದೆ; ಕಾಣದ್ದು ನೇರ ಬೆನ್ನ ಹಿಂದಿನ ಇಷ್ಟು ಜಾಗ ಮಾತ್ರ. ಆದರೆ ಬದಿಗಣ್ಣಿನಲ್ಲಿ ಕಂಡದ್ದು ಹತ್ತಿರವೋ ದೂರವೋ ಅದಕ್ಕೆ ಬೇಗ ತಿಳಿಯದು. ಅಲ್ಲೇನಾದರೂ ಅಲುಗಿದರೆ ಮೊದಲು ಓಡು, ಆಮೇಲೆ ನೋಡು ಅನ್ನುವುದು ಅದರ ಹುಟ್ಟುಗುಣ. ಕೆಂಪು ಬಟ್ಟೆ ಕಂಡರೆ ರೇಗುತ್ತದೆ ಅನ್ನುವುದು ಬರೀ ಮಾತು. ದನಕ್ಕೆ ಕೆಂಪು ಬಣ್ಣ ಸರಿಯಾಗಿ ಗೊತ್ತಾಗುವುದೇ ಇಲ್ಲ. ಅದನ್ನು ಕೆಣಕುವುದು ಬಟ್ಟೆಯ ಅಲುಗಾಟ. ಕಿವಿಯೂ ನಮಗಿಂತ ಚೂಪು: ಮನುಷ್ಯನಿಗೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ದನಕ್ಕೆ ಸುಮಾರು 35,000ವರೆಗಿನದೂ ಕೇಳುತ್ತದೆ. ಸೀಟಿ, ಚೀರು, ಕಬ್ಬಿಣ ತಿಕ್ಕಿದ ಸದ್ದು ಅದಕ್ಕೆ ಎಷ್ಟು ಹಿಂಸೆ ಎಂಬುದು ನಮಗೆ ತಿಳಿಯುವುದಿಲ್ಲ.

ಇಷ್ಟು ಅರ್ಥವಾದಮೇಲೆ ಕೆಲಸ ಸಲೀಸಾಯಿತು. ಜೂಲ ಹೊದಿಸುವುದಕ್ಕೆ ಮುಂಚೆ ಖಾಲಿ ಗೋಣಿ ಚೀಲದಿಂದ ಮೈ ಒರೆಸುತ್ತಾ ಬಂದೆ. ಮೊದಲು ಹೆಗಲಿನ ಮೇಲೆ, ಆಮೇಲೆ ಬೆನ್ನು, ಕೊನೆಗೆ ಅದು ಅತಿ ಹೆಚ್ಚು ಬೆದರುವ ಹಿಂದೊಡೆಯ ಪಕ್ಕ. ಗೆಜ್ಜೆಸರವನ್ನು ಮೊದಲು ಅದರ ಜೋಡಿ ಎತ್ತು ಕೆಂದನ ಕೊರಳಿಗೆ ಕಟ್ಟಿದೆ. ಕೆಂದ ತಲೆ ಅಲ್ಲಾಡಿಸಿದಾಗೆಲ್ಲ ಗೆಜ್ಜೆ ಘಲ್ ಅನ್ನುತ್ತದೆ, ಅದರಿಂದ ಯಾವ ಅನಾಹುತವೂ ಆಗುವುದಿಲ್ಲ ಎಂದು ಬಿಳಿಯನಿಗೆ ಖಾತ್ರಿಯಾದಮೇಲೆ ಅದರ ಕೊರಳಿಗೂ ಬಂತು. ಹಲಗಿಯ ಬದಲು ಓಣಿಯ ಹುಡುಗನೊಬ್ಬ ದೂರದಲ್ಲಿ ಎಣ್ಣೆ ಡಬ್ಬಿ ಬಡಿಯುತ್ತಿದ್ದ, ಅದೂ ಬಿಳಿಯ ಗ್ವಾದಲಿಯಲ್ಲಿ ಬಾಯಿ ಹಾಕಿರುವಾಗ ಮಾತ್ರ. ಅಳತೆಗೋಲು ಒಂದೇ ಇತ್ತು, ಅದರ ದವಡೆ. ಮೇಯುತ್ತಿದ್ದರೆ ಹುಡುಗ ಎರಡು ಹೆಜ್ಜೆ ಮುಂದೆ, ದವಡೆ ನಿಂತರೆ ನಾಲ್ಕು ಹೆಜ್ಜೆ ಹಿಂದೆ. ಮೆಲುಕು ಹಾಕುವ ಎತ್ತು ಹೆದರಿರುವುದಿಲ್ಲ. ಕಿವಿ ಒಂದೇ ಕಡೆ ನೆಟ್ಟಿತು, ಕಣ್ಣಿನ ಬಿಳಿ ಕಂಡಿತು, ತಲೆ ಬೆನ್ನಿಗಿಂತ ಎತ್ತರಕ್ಕೆ ಹೋಯಿತು, ನಿಮಿಷಕ್ಕೊಮ್ಮೆ ತೆಳ್ಳಗೆ ಸಗಣಿ ಹಾಕುತ್ತಿದೆ ಅಂದರೆ ಅಂದಿನ ಪಾಠ ಮುಗಿಯಿತೆಂದೇ ಲೆಕ್ಕ.

ಇಷ್ಟೆಲ್ಲ ಮಾಡುವಾಗ ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಒಂದು ದಿನ ಅಂದರು: “ಎತ್ತಿನ ಧೈರ್ಯ ನಿನ್ನ ಕೈಯಾಗಿಲ್ಲೋ ತಮ್ಮಾ, ಅದರ ಜೋಡಿ ಎತ್ತಿನ ಮೈಯಾಗ ಅದ. ಕೆಂದನ್ನ ಬಿಟ್ಟು ಇದೊಂದನ್ನೇ ಒಯ್ಯಬ್ಯಾಡ.”

ಆ ಮಾತಿಗಿಂತ ದೊಡ್ಡ ಪಾಠ ನನಗೆ ಯಾರೂ ಹೇಳಿಲ್ಲ. ದನ ಹಿಂಡಿನ ಪ್ರಾಣಿ, ಒಂಟಿಯಾದರೆ ಅದರ ಅರ್ಧ ಜೀವ ಹೋದಂತೆ. ಪಕ್ಕದ್ದು ಸುಮ್ಮನಿದ್ದರೆ ಇದೂ ಸುಮ್ಮನಿರುತ್ತದೆ, ಪಕ್ಕದ್ದು ಕಿವಿ ನಿಮಿರಿಸಿದರೆ ಇದು ಕಾಲು ಕೀಳುತ್ತದೆ. ಅದರಲ್ಲೂ ಎಡಗೋಲು ಬಲಗೋಲಿನ ಲೆಕ್ಕ ಮರೆಯಬಾರದು. ನೊಗದ ಎಡಕ್ಕೆ ಪಳಗಿದ ಎತ್ತನ್ನು ಮೆರವಣಿಗೆಯಲ್ಲಿ ಬಲಕ್ಕೆ ನಿಲ್ಲಿಸಿದರೆ ಅರ್ಧ ಗಾಬರಿ ನಾವೇ ಹುಟ್ಟಿಸಿದಂತೆ. ಬಿಳಿಯ ಎಡಗೋಲಿನದು. ಹಾಗಾಗಿ ಓಣಿಯ ಎಡದಂಡೆ ಹಿಡಿದು ನಡೆಸಿದೆ: ಬಿಳಿಯ ಗೋಡೆಯ ಕಡೆ, ಕೆಂದ ಜನರ ಕಡೆ. ಗದ್ದಲಕ್ಕೂ ಬಿಳಿಯನಿಗೂ ನಡುವೆ ಕೆಂದನ ಗುಡ್ಡದಂಥ ಮೈ.

ನಾವು ಎಲ್ಲಿ ನಿಲ್ಲುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. ಅಮೆರಿಕದ ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯ ಟೆಂಪಲ್ ಗ್ರಾಂಡಿನ್ ದನಗಳ ನಡವಳಿಕೆಯನ್ನೇ ಜೀವಮಾನದ ಕೆಲಸ ಮಾಡಿಕೊಂಡವರು. ದನದ ಹೆಗಲಿಗಿಂತ ಮುಂದೆ ನಿಂತರೆ ಅದು ಹಿಂಜರಿಯುತ್ತದೆ, ಹೆಗಲಿಗಿಂತ ಹಿಂದೆ ನಿಂತರೆ ಮುಂದೆ ಹೋಗುತ್ತದೆ ಎಂದು ಅವರು ಬರೆದಿದ್ದಾರೆ. ನಮ್ಮ ಹಿರಿಯರು ಓದದೆಯೇ ಮಾಡಿದ್ದು ಇದನ್ನೇ. ಮೂಗುದಾಣ ಹಿಡಿದು ಎದುರಿಗೆ ನಿಂತು ಜಗ್ಗುವವನು ಎತ್ತಿಗೆ ದಾರಿ ಅಡ್ಡಗಟ್ಟಿದವನಂತೆ ಕಾಣುತ್ತಾನೆ. ಇನ್ನೊಂದು ಮಾತು, ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು. ಎತ್ತು ಹಾರಿದರೆ ಬೆರಳು ಹೋಗುತ್ತದೆ, ಇಲ್ಲವೆ ಅದು ಮನುಷ್ಯನನ್ನೇ ಎಳೆದೊಯ್ಯುತ್ತದೆ. ಕುದುರೆ ಹಿಂದಕ್ಕೆ ಒದೆಯುತ್ತದೆ, ದನ ಪಕ್ಕಕ್ಕೂ ಬೀಸಿ ಒದೆಯುತ್ತದೆ. ಪಕ್ಕದಲ್ಲಿದ್ದೇನೆ, ನನಗೇನು ಎಂದುಕೊಳ್ಳುವ ಹಾಗಿಲ್ಲ.

ಹಬ್ಬದ ಹಿಂದಿನ ದಿನ ಹೊನ್ನುಗ್ಗಿ. ಮೈ ತೊಳೆದು, ಕೋಡು ಹೆರೆದು, ಬಣ್ಣ ಹಚ್ಚುವುದನ್ನು ಅಂದೇ ಮುಗಿಸಿದೆ. ಹಸಿ ಬಣ್ಣದ ಘಾಟು ಮೂಗಿನ ಹತ್ತಿರವೇ ಇದ್ದರೆ ಯಾವ ಪ್ರಾಣಿಗೂ ತಲೆ ಕೆಡುತ್ತದೆ. ರಾತ್ರಿಯಿಡೀ ಗಾಳಿಗೆ ಆರಿದರೆ ಆ ಪೀಡೆ ಇಲ್ಲ. ಕೋಡಣಸು ಹಾಕಿದೆ, ಗೊಂಡೆ ಕಟ್ಟಿದೆ, ಹಣೆಪಟ್ಟಿ ಬೇಡವೆಂದೆ, ಅದು ಜಾರಿ ಕಣ್ಣಿಗೆ ಬರುತ್ತದೆ. ಕೋಡಿಗೆ ಬಲೂನು ಕಟ್ಟೋಣ ಎಂದು ಮನೆಯ ಹುಡುಗರು ಗಂಟುಬಿದ್ದರು. ಎತ್ತಿನ ಕಿವಿಯಿಂದ ಗೇಣು ದೂರದಲ್ಲಿ ಒಡೆಯುವ ವಸ್ತುವನ್ನು ಕಟ್ಟಿ, ಆಮೇಲೆ ಎತ್ತು ಬೆದರಿತು ಅನ್ನುವುದಕ್ಕಿಂತ ದಡ್ಡತನ ಇನ್ನೊಂದಿಲ್ಲ.

ಗೊಟ್ಟದ ವಿಷಯವನ್ನೂ ಹೇಳಬೇಕು. ಹಸಿ ತತ್ತಿ, ಎಣ್ಣೆ, ಅರಿಶಿನ ಕಲಸಿ ಬಿದಿರ ಗೊಟ್ಟದಲ್ಲಿ ಕುಡಿಸುವುದು ನಮ್ಮಲ್ಲಿ ರೂಢಿ. ಗಾಬರಿಯಲ್ಲಿರುವ ಎತ್ತಿನ ತಲೆಯನ್ನು ಮುಗಿಲಿಗೆ ಎತ್ತಿ ಹಿಡಿದು ಸುರಿದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ, ಪುಪ್ಪುಸಕ್ಕೆ ಸೋಂಕು ತಗಲಿ ಎತ್ತೇ ಕೈಬಿಟ್ಟು ಹೋಗಬಹುದು. ಕೆಮ್ಮಿದ ಕೂಡಲೇ ತಲೆ ಕೆಳಗೆ ಬಿಡಬೇಕು. ಬಿಳಿಯನಿಗೆ ಗೊಟ್ಟ ಬೇಡವೆಂದು ಹಿಂಡಿಯಲ್ಲೇ ಕಲಸಿ ಇಟ್ಟೆ, ನೆಕ್ಕಿ ಮುಗಿಸಿತು.

ಮೆರವಣಿಗೆ ಬಿಸಿಲು ಇಳಿದಮೇಲೆ ಹೊರಟಿತು. ನಮಗಿಂತ ಮುಂದೆ ಪಕ್ಕದ ಮನೆಯ ಮುದಿ ಜೋಡಿ. ಅವಕ್ಕೆ ಜಗತ್ತೇ ಮುಳುಗಿದರೂ ಪರಿವೆ ಇಲ್ಲ. ನಮ್ಮ ಹಿಂದೆಯೂ ಅಂಥದ್ದೇ ಒಂದು ಜೋಡಿ ಇರಲಿ ಎಂದು ಮೊದಲೇ ಕೇಳಿಕೊಂಡಿದ್ದೆ. ಚಾವಡಿಯವರೆಗೆ ಚೆನ್ನಾಗಿಯೇ ನಡೆಯಿತು. ಅಲ್ಲಿ ಸಿಮೆಂಟ್ ರಸ್ತೆಗೆ ಅಡ್ಡ ಹರಿದ ಚರಂಡಿ ನೀರು ಸಂಜೆಯ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಹಲಗಿ, ಸೀಟಿ, ಗುಲಾಲು ಯಾವುದಕ್ಕೂ ಜಗ್ಗದ ಬಿಳಿಯ ಆ ಗೇಣಗಲ ನೀರು ಕಂಡು ಗಕ್ಕನೆ ನಿಂತಿತು. ಕಾಲು ನೆಲಕ್ಕೆ ಊರಿ, ಮೂಗು ಅರಳಿಸಿ ಬುಸ್ ಅಂದಿತು. ಹಿಂದಿನವರು “ಹೊಡಿ ಹೊಡಿ” ಅಂದರು. ಯಾರೋ ಬಾರಕೋಲೂ ಚಾಚಿದರು.

ದೊಡ್ಡಪ್ಪ ಕೈ ಅಡ್ಡ ಹಿಡಿದರು. “ತಡೀರಪಾ, ಅದು ನೋಡ್ಲಿ.”

ಬೆದರಿದ ಪ್ರಾಣಿಗೆ ಹೊಡೆದರೆ, ಆ ನೀರಿಗೆ ಹೋದದ್ದಕ್ಕೇ ನೋವಾಯಿತು ಎಂದು ಅದು ಕಲಿಯುತ್ತದೆ. ಹಗ್ಗ ಸಡಿಲ ಬಿಟ್ಟೆ. ಬಿಳಿಯ ತಲೆ ಬಗ್ಗಿಸಿ ನೀರು ಮೂಸಿತು. ಅಷ್ಟರಲ್ಲಿ ಕೆಂದ ಏನೂ ಆಗಿಲ್ಲವೆಂಬಂತೆ ದಾಟಿತು, ಹಿಂದೆಯೇ ಇದೂ ಒಂದು ಜಿಗಿತಕ್ಕೆ ದಾಟಿತು. ಆದರೆ ಮೈ ಬೆವೆತಿತ್ತು, ಕಿವಿ ಇನ್ನೂ ಇಳಿದಿರಲಿಲ್ಲ. ಗಾಬರಿಯಾದ ದನದ ಎದೆಬಡಿತ ತಹಬಂದಿಗೆ ಬರಲು 20ರಿಂದ 30 ನಿಮಿಷ ಬೇಕು ಎಂದು ಗ್ರಾಂಡಿನ್ ಹೇಳುತ್ತಾರೆ. ಅದಕ್ಕೇ ಎರಡನ್ನೂ ಪಕ್ಕದ ಸಂದಿಗೆ ತಿರುಗಿಸಿ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಎದುರು ಬರುವ ಎತ್ತುಗಳ ನಡುವೆ ನುಗ್ಗಿ ಮನೆಗೆ ಒಯ್ಯುವುದು ಅಪಾಯ. ಹರಿವಿನಿಂದ ಬದಿಗೆ ಸರಿಯುವುದೇ ಸರಿ. ಅಂಥ ಸಂದಿ ಎಲ್ಲೆಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಂಡಿದ್ದು ಉಪಯೋಗಕ್ಕೆ ಬಂತು. ಕೆಂದ ಮೆಲುಕು ಹಾಕತೊಡಗಿತು, ಸ್ವಲ್ಪ ಹೊತ್ತಿಗೆ ಬಿಳಿಯನ ದವಡೆಯೂ ಅಲುಗಿತು.

ಇನ್ನು ಉಳಿದದ್ದು ಅಗಸಿಯಲ್ಲಿ ಕರಿ ಹರಿಯುವುದು. ಅಡ್ಡಲಾಗಿ ಬೇವಿನ ಸೊಪ್ಪಿನ ತೋರಣ, ಅಂದರೆ ಕರಿ, ಕಟ್ಟಿ ಅದನ್ನು ಹರಿಯಲು ಎತ್ತು ಓಡಿಸುತ್ತಾರೆ. ಬಿಳಿ ಎತ್ತು ಮುಂದಾದರೆ ಹಿಂಗಾರಿ ಬೆಳೆ, ಕೆಂದೆತ್ತು ಮುಂದಾದರೆ ಮುಂಗಾರಿ ಬೆಳೆ ಚಲೋ ಎಂದು ನಂಬಿಕೆ. ನಮ್ಮದೋ ಖಿಲಾರಿ, ಅದರಲ್ಲೂ ಹಾಲಿನಂಥ ಬಿಳಿ. ನಾಲ್ಕು ಮಂದಿ ಬಂದು “ಬಿಡೋ ಕಾಕಾ, ನಿಮ್ಮದೇ ಹರೀತದ” ಎಂದು ಒತ್ತಾಯ ಮಾಡಿದರು. ಓಡುತ್ತಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಹೆದರಿ ಓಡುವ ಎತ್ತಿಗೆ ಅಗಸಿಯ ಆಚೆ ನಿಂತ ಮಕ್ಕಳು ಕಾಣುವುದಿಲ್ಲ, ನಿಲ್ಲುವುದು ಎಲ್ಲಿ ಎಂಬುದೂ ಗೊತ್ತಿರುವುದಿಲ್ಲ. ಬಿಡಲಿಲ್ಲ. ಬೇರೊಬ್ಬರ ಎತ್ತು ಕರಿ ಹರಿಯಿತು, ನಾವು ಮನೆಗೆ ಬಂದು ಎತ್ತಿಗೆ ಹುಗ್ಗಿ ಇಟ್ಟು ಹೋಳಿಗೆ ಉಂಡೆವು.

ಕಾನೂನಿನ ಮಾತನ್ನೂ ಸೇರಿಸುತ್ತೇನೆ. ಕಂಬಳಕ್ಕೆ, ಎತ್ತಿನ ಗಾಡಿ ಓಟಕ್ಕೆ ಕರ್ನಾಟಕ 2017ರಲ್ಲಿ ಮಾಡಿದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಅದನ್ನೇ ಹಿಡಿದುಕೊಂಡು ಏನು ಮಾಡಿದರೂ ನಡೆಯುತ್ತದೆ ಅನ್ನುವವರಿದ್ದಾರೆ. ಹಾಗಿಲ್ಲ. ಬಾಲ ಕಚ್ಚುವುದು, ಮೊಳೆ ಚುಚ್ಚುವುದು, ಹೆಂಡ ಕುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಇಂದಿಗೂ ಅಪರಾಧ. ಮೊದಲ ತಪ್ಪಿಗೆ ದಂಡ 50 ರೂಪಾಯಿ ಮೀರುವುದಿಲ್ಲ ಎಂಬುದು ಬೇರೆ ಮಾತು. ಕಾಯ್ದೆಯ ಹಲ್ಲು ಉದುರಿ ಎಷ್ಟೋ ವರ್ಷವಾಯಿತು.

ಊರಿನ ಹಿರಿಯರಿಗೆ, ಹಬ್ಬದ ಉಸ್ತುವಾರಿ ಹೊತ್ತ ಹುಡುಗರಿಗೆ ನನ್ನ ಕೋರಿಕೆ ಇಷ್ಟೇ. ಡಿಜೆ ಬೇಕೇ ಬೇಕು ಅಂದರೆ ಎತ್ತು ಮನೆ ಸೇರಿದಮೇಲೆ ಹಚ್ಚಿ. ಅಗಸಿಯ ಹತ್ತಿರ ಪಟಾಕಿ ಬೇಡ. ಮೆರವಣಿಗೆ ಹಾದಿಯ ಚರಂಡಿ ನೀರನ್ನು ಹಿಂದಿನ ದಿನವೇ ಬಳಿದು ಮಣ್ಣು ಹರಡಿ. ಬೆದರುವ ಎತ್ತು ತಂದವನು ಬದಿಗೆ ಸರಿದರೆ ನಗಬೇಡಿ, ದಾರಿ ಬಿಡಿ. ಎತ್ತಿಗೆ ಪೆಟ್ಟಾದರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ವಾಹನ ಊರಿಗೇ ಬರುತ್ತದೆ, ಕರೆಗೆ ದುಡ್ಡಿಲ್ಲ.